34 ಎಂಬ ಅಂಕೆಯೂ ನನ್ನ ಸೊಂಟವೂ

ಕಳೆದ ಎರಡು ತಿಂಗಳಿಂದ ನನ್ನ ಕೈಚೀಲದಲ್ಲಿ ರೈಲ್ವೆ ಪಾಸು, ಕೊಡೆ ಮತ್ತು ಊಟದ ಡಬ್ಬಿಯ ಜೊತೆಗೆ, ದರ್ಜಿಗಳು ಕುತ್ತಿಗೆಗೆ ಹಾಕಿಕೊಳ್ಳುವಂಥ ಹಳದಿ ಬಣ್ಣದ ಟೇಪೊಂದು ಸೇರಿಕೊಂಡಿದೆ. ಡೊಂಬಿವಲಿಯಿಂದ ಪರೇಲಿಗೆ ಹೋಗುವ ಮುಂಬೈ ಲೋಕಲ್ಲಿನ ಮಹಿಳಾ ಬೋಗಿಯಲ್ಲಿ ಒಂದು ದಿನ ಪಾಸು ತೆಗೆಯುವಾಗ ಅದು ಸುರುಳಿ ಬಿಚ್ಚಿಕೊಂಡು ಪಕ್ಕದವರ ಮಡಿಲಿಗೆ ಬಿತ್ತು. ನಾನು ಹೊಲಿಗೆಯವಳೆಂದು ತಿಳಿದ ಅವರು, ಬ್ಲೌಸಿಗೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು. ಸೂಜಿಗೆ ದಾರ ಪೋಣಿಸಬೇಕಾದರೂ ಈಗ ಕನ್ನಡಕ ಹುಡುಕಬೇಕು. ಈ ಟೇಪು ನನ್ನ ಬಳಿ ಇರುವುದು ಬಟ್ಟೆ ಹೊಲಿಯುವುದಕ್ಕಲ್ಲ, ಹೊಲಿದು ಮುಗಿದಿರುವ ಬಟ್ಟೆಯನ್ನು ಕೊಳ್ಳುವುದಕ್ಕೆ.

ಜೂನ್ ತಿಂಗಳ ಒಂದು ಭಾನುವಾರ, ದೇಶದ ಬಹುತೇಕ ದೊಡ್ಡ ಊರುಗಳಲ್ಲಿ ಮಳಿಗೆಗಳನ್ನಿಟ್ಟಿರುವ ಒಂದು ಸಿದ್ಧ ಉಡುಪಿನ ಅಂಗಡಿಗೆ, ಕಚೇರಿಗೆ ಹಾಕಿಕೊಳ್ಳಲು ಎರಡು ಪ್ಯಾಂಟು ಬೇಕೆಂದು ಹೋಗಿದ್ದೆ. ಅಂಗಡಿಯ ಹೆಸರು ಇಲ್ಲಿ ಬೇಡ. ಒಂದೇ ಸಾಲಿನಲ್ಲಿ ತೂಗುಹಾಕಿದ್ದ ಪ್ಯಾಂಟುಗಳಲ್ಲಿ ಮೂರನ್ನು ಆರಿಸಿ, ಮೂರರ ಚೀಟಿಯ ಮೇಲೂ 34 ಎಂದೇ ಇರುವುದನ್ನು ಖಚಿತಪಡಿಸಿಕೊಂಡು, ಬಾಗಿಲಲ್ಲಿ ನಿಂತ ಹುಡುಗಿ ಕೊಟ್ಟ '3' ಎಂಬ ಪ್ಲಾಸ್ಟಿಕ್ ಬಿಲ್ಲೆಯನ್ನು ಹಿಡಿದು ಟ್ರಯಲ್ ರೂಮಿನೊಳಗೆ ಹೋದೆ. ಮೊದಲನೆಯದು ತೊಡೆಯ ನಡುವಿನಲ್ಲೇ ನಿಂತಿತು; ಅಲ್ಲಿಂದ ಮೇಲೆ ಬರಲು ಒಪ್ಪಲಿಲ್ಲ. ಎರಡನೆಯದು ತೊಡೆಯನ್ನು ಬಿಗಿಹಿಡಿದುಕೊಂಡೇ ಹೇಗೋ ಮೇಲೆ ಬಂದಿತಾದರೂ, ಸೊಂಟದ ಹಿಂಭಾಗದಲ್ಲಿ ನನ್ನ ಮುಷ್ಟಿ ಹಿಡಿಯುವಷ್ಟು ಜಾಗ ಬಾಯಿ ತೆರೆದುಕೊಂಡಿತ್ತು. ಮೂರನೆಯದರ ಸೊಂಟವೂ ತೊಡೆಯೂ ಸರಿಯಾಗಿದ್ದವು. ಆದರೆ ಅಲ್ಲಿದ್ದ ಸಣ್ಣ ಸ್ಟೂಲಿನ ಮೇಲೆ ಕುಳಿತು ನೋಡಿದಾಗ ಅದರ ಪಟ್ಟಿ ಹಿಂದಿನಿಂದ ಎಷ್ಟು ಕೆಳಗಿಳಿಯಿತೆಂದರೆ, ಅದನ್ನು ಹಾಕಿಕೊಂಡು ಕಚೇರಿಯ ಕುರ್ಚಿಯಲ್ಲಿ ಕೂರಬೇಕಾದರೆ ಇಡೀ ದಿನ ಬೆನ್ನನ್ನು ಗೋಡೆಯ ಕಡೆಗೇ ಇಟ್ಟುಕೊಳ್ಳಬೇಕಾಗುತ್ತಿತ್ತು. ಒಂದೇ ಅಂಗಡಿ, ಒಂದೇ ಸಾಲು, ಒಂದೇ ಅಂಕೆ.

ಹೊರಗೆ ಬಂದಾಗ ಆ ಹುಡುಗಿ ಮರಾಠಿಯಲ್ಲಿ ಬಹಳ ಮೃದುವಾಗಿ, "ಮ್ಯಾಡಮ್, 36 ತಂದುಕೊಡಲೇ? ಇಲ್ಲದಿದ್ದರೆ ಇದನ್ನೇ ತೆಗೆದುಕೊಳ್ಳಿ, ಸ್ಟ್ರೆಚ್ ಇದೆ, ಎರಡು ದಿನ ಹಾಕಿದರೆ ಸರಿಹೋಗುತ್ತದೆ" ಎಂದಳು. ಅವಳ ಮೇಲೆ ನನಗೆ ಯಾವ ದೂರೂ ಇಲ್ಲ. ದಿನವಿಡೀ ನಿಂತೇ ಇರುವ, ನಡುನಡುವೆ ನೆಲಕ್ಕೆ ಬಿದ್ದ ಬಟ್ಟೆಗಳನ್ನು ಎತ್ತಿ ಮಡಿಸುವ ಆ ಮಕ್ಕಳಿಗೆ ಹೀಗೆ ಹೇಳಲು ಕಲಿಸಿರುತ್ತಾರೆ. ಆದರೆ ಆ ಮಾತಿನಲ್ಲಿ ಅಡಗಿರುವ ತೀರ್ಪೊಂದಿದೆ: ಪ್ಯಾಂಟು ಇರುವುದು ಇದ್ದಂತೆಯೇ ಇರುತ್ತದೆ, ಬದಲಾಗಬೇಕಾದದ್ದು ಒಂದೋ ನಿಮ್ಮ ಅಂಕೆ ಇಲ್ಲವೇ ನಿಮ್ಮ ದೇಹ. 48 ವರ್ಷದ ನಾನು, ಎರಡು ಹೆರಿಗೆ ಕಂಡ ನನ್ನ ಸೊಂಟದ ಬಗ್ಗೆ ಮನೆಯಲ್ಲಿ ಎಂದೂ ಪಡದ ನಾಚಿಕೆಯನ್ನು ಆ ಮೂರಡಿ ಅಗಲದ ಕೋಣೆಯಲ್ಲಿ, ಮೇಲಿನಿಂದ ನೇರವಾಗಿ ಬೀಳುವ ಬಿಳಿ ಬೆಳಕಿನಲ್ಲಿ ಅರ್ಧ ಗಂಟೆ ಅನುಭವಿಸಿದೆ. ಮರುದಿನ ರೈಲಿನಲ್ಲಿ ಕುಳಿತು ಯೋಚಿಸಿದಾಗ ಆ ನಾಚಿಕೆ ಸಿಟ್ಟಾಯಿತು. ಸಂಜೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ 20 ರೂಪಾಯಿ ಕೊಟ್ಟು ಟೇಪು ಕೊಂಡೆ.

ಸಿಟ್ಟು ಇಷ್ಟು ಬಲವಾಗಿರಲು ಕಾರಣ, ಈ ಅಂಗಡಿಯನ್ನು ನಾನು ಒಂದು ಕಾಲದಲ್ಲಿ ನಂಬಿದ್ದೆ. 2011ರಲ್ಲಿ ಮೊದಲ ಸಲ ಅಲ್ಲಿ ಕೊಂಡ ನೀಲಿ ಪ್ಯಾಂಟು ಸೊಂಟದಿಂದ ಪಾದದವರೆಗೆ ನೇರವಾಗಿ ಇಳಿಯುತ್ತಿತ್ತು. ಅಂಟುತ್ತಲೂ ಇರಲಿಲ್ಲ, ಜೋಲಾಡುತ್ತಲೂ ಇರಲಿಲ್ಲ. ಬಟ್ಟೆ ದಪ್ಪ ಹತ್ತಿಯದು. ಕಿಸೆಯಲ್ಲಿ ಪಾಸು, ಚಿಲ್ಲರೆ, ಮೊಬೈಲು ಮೂರೂ ಹಿಡಿಯುತ್ತಿದ್ದವು. ಅದಕ್ಕೆ ಮೊದಲು ನಾನು ಸಲ್ವಾರ್ ಕಮೀಜ್ ಹಾಕಿಕೊಳ್ಳುತ್ತಿದ್ದೆ. ಠಾಣೆಯಲ್ಲಿ ಹತ್ತುವ ಗುಂಪಿನ ನಡುವೆ ದುಪಟ್ಟಾದ ಒಂದು ತುದಿ ನನ್ನ ಹೆಗಲ ಮೇಲೂ ಇನ್ನೊಂದು ತುದಿ ಯಾರದೋ ಚೀಲದ ಜಿಪ್ಪಿನಲ್ಲೂ ಸಿಕ್ಕಿಹಾಕಿಕೊಂಡು ಕುತ್ತಿಗೆ ಬಿಗಿದ ಅನುಭವ ಎರಡು ಸಲ ಆದ ಮೇಲೆ, ಪ್ಯಾಂಟಿನ ಮೇಲೆ ಸೊಂಟ ಮುಚ್ಚುವ ಕುರ್ತಿ ಎಂಬ ಏರ್ಪಾಟಿಗೆ ಬಂದೆ. ಆರು ವರ್ಷ ಅದೇ ಅಂಗಡಿ, ಅದೇ ಪ್ಯಾಂಟು. ಒಂದು ಸವೆದರೆ ಅದೇ ಹೆಸರಿನ ಇನ್ನೊಂದು. ಹಾಕಿ ನೋಡುತ್ತಲೂ ಇರಲಿಲ್ಲ. ಒಂದು ದಿನ ಹೋದಾಗ ಆ ಹೆಸರಿನ ಪ್ಯಾಂಟೇ ಇರಲಿಲ್ಲ. ಕೇಳಿದರೆ, ಆ ಫಿಟ್ ನಿಂತುಹೋಗಿದೆ ಎಂದರು. ಏಕೆ ನಿಂತಿತು ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಹಾಗೆ ಕೇಳುವವರೇ ಅವರಿಗೆ ವಿಚಿತ್ರವಾಗಿ ಕಂಡಿರಬೇಕು.

ಆ ಹಳೆಯ ಪ್ಯಾಂಟುಗಳಲ್ಲಿ ಕೊನೆಯದು ಈಗಲೂ ನನ್ನ ಕಪಾಟಿನಲ್ಲಿದೆ. ತೊಡೆಯ ಒಳಭಾಗ ಜಾಳುಜಾಳಾಗಿ, ಬೆಳಕಿಗೆ ಹಿಡಿದರೆ ಆಚೆಗಿನ ಕಿಟಕಿ ಕಾಣುತ್ತದೆ. ನಾನು ಅದನ್ನು ಎಸೆಯದೆ ಇಟ್ಟುಕೊಂಡಿರುವುದು ಮಾದರಿಯಾಗಿ. ಟೇಪು ಬಂದ ರಾತ್ರಿ ಅದನ್ನು ಮಂಚದ ಮೇಲೆ ಹಾಸಿ ಅಳೆದೆ: ಗುಂಡಿ ಹಾಕಿದ ಪಟ್ಟಿ 34½ ಇಂಚು, ಎರಡು ಕಾಲುಗಳು ಕೂಡುವ ಹೊಲಿಗೆಯಿಂದ ಮುಂದಿನ ಪಟ್ಟಿಯ ಮೇಲಂಚಿನವರೆಗೆ 11 ಇಂಚು, ಒಳಗಾಲಿನ ಉದ್ದ, ನಾನೇ ಮಡಿಸಿ ಹೊಲಿಸಿದ್ದರಿಂದ, 27. ಮುಂದಿನ ಶನಿವಾರ ಅದೇ ಅಂಗಡಿಗೆ ಹೋಗಿ, ಟ್ರಯಲ್ ರೂಮಿನ ಸ್ಟೂಲಿನ ಮೇಲೆ ಒಂದೊಂದಾಗಿ ಪ್ಯಾಂಟುಗಳನ್ನು ಹಾಸಿ, ಮೊಬೈಲಿನಲ್ಲಿ ಬರೆದುಕೊಂಡೆ. ಮೂರೂ ಚೀಟಿಗಳಲ್ಲಿ 34 ಎಂದೂ ಅದರ ಕೆಳಗೆ 86 ಸೆಂಟಿಮೀಟರ್ ಎಂದೂ ಅಚ್ಚಾಗಿತ್ತು. ಲೆಕ್ಕದಲ್ಲಿ ಅದು ಸರಿಯೇ. ಆದರೆ ಟೇಪಿನ ಪ್ರಕಾರ ಒಂದು 33¾, ಇನ್ನೊಂದು 35½, ಮತ್ತೊಂದು 36¼. ಎರಡೂವರೆ ಇಂಚಿನ ಅಂತರ. ನನ್ನ ವೃತ್ತಿಯಲ್ಲಿ ಒಂದೇ ಶೀರ್ಷಿಕೆಯ ಕೆಳಗೆ ಮೂರು ಬೇರೆ ಬೇರೆ ಮೊತ್ತ ಬರೆದವರನ್ನು ಲೆಕ್ಕಪರಿಶೋಧಕರು ಸುಮ್ಮನೆ ಬಿಡುವುದಿಲ್ಲ. ಮುಂದಿನ ಎತ್ತರವಂತೂ 11ರಿಂದ 8¾ಕ್ಕೆ ಇಳಿದಿತ್ತು. ನಾನು ಕುಳಿತಾಗ ಹಿಂದೆ ಜಾರುತ್ತಿದ್ದುದು ನನ್ನ ಸೊಂಟದ ತಪ್ಪಿನಿಂದಲ್ಲ, ಕಾಣೆಯಾದ ಆ ಎರಡೂಕಾಲು ಇಂಚು ಬಟ್ಟೆಯಿಂದ.

ಇದು ಹೇಗಾಗುತ್ತದೆ ಎಂಬುದು ಉಡುಪಿನ ಕಾರ್ಖಾನೆಗಳ ಕೆಲಸ ಬಲ್ಲವರಿಗೆ ಗುಟ್ಟೇನಲ್ಲ. ಮೊದಲು ಒಂದೇ ಒಂದು ಅಳತೆಗೆ, ಸಾಮಾನ್ಯವಾಗಿ ತೆಳ್ಳಗಿನ, ಎತ್ತರದ ಒಬ್ಬ ಮಾದರಿ ಹುಡುಗಿಯ ಮೈಗೆ ಅಥವಾ ಅಂಥದ್ದೇ ಬೊಂಬೆಗೆ ಕೂರುವಂತೆ ಕಾಗದದ ಕಟಿಂಗ್ ತಯಾರಿಸುತ್ತಾರೆ. ಅದು ಸರಿಯಾಯಿತೆಂದ ಮೇಲೆ ಉಳಿದ ಅಳತೆಗಳನ್ನು ಮೈಮೇಲೆ ನೋಡಿ ಕತ್ತರಿಸುವುದಿಲ್ಲ; ಮೂಲ ಕಟಿಂಗಿನ ಪ್ರತಿ ಅಂಚಿಗೂ ಗೊತ್ತುಪಡಿಸಿದಷ್ಟು ಕೂಡಿಸುತ್ತಾ ಹೋಗುತ್ತಾರೆ. ಇದಕ್ಕೆ ಗ್ರೇಡಿಂಗ್ ಎಂದು ಹೆಸರು. ಸೊಂಟಕ್ಕೆ ಎರಡು ಇಂಚು ಕೂಡಿಸಿದರೆ ಪೃಷ್ಠಕ್ಕೂ ಎರಡು ಇಂಚು. ಆದರೆ ನಮ್ಮಂಥವರ ಮೈ ಹೀಗೆ ಎಲ್ಲ ಕಡೆಗೂ ಸಮನಾಗಿ ಉಬ್ಬುವುದಿಲ್ಲ. ನನ್ನ ಸೊಂಟ 34, ಪೃಷ್ಠ 42. ನಡುವಿನ ಅಂತರ ಎಂಟು ಇಂಚು, ತೊಡೆ ತುಂಬಿದ್ದು, ಕಾಲು ಗಿಡ್ಡ. ಮೂಲ ಕಟಿಂಗಿನ ಹುಡುಗಿಗೆ ಈ ಮೈಕಟ್ಟು ಇಲ್ಲದಿದ್ದರೆ, ಅವಳಿಗೆ ಎಷ್ಟು ಇಂಚು ಕೂಡಿಸಿದರೂ ಅದು ನಾನಾಗುವುದಿಲ್ಲ, ಅವಳೇ ದೊಡ್ಡದಾಗುತ್ತಾಳೆ. ಅದರ ಮೇಲೆ, ಹತ್ತಾರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಯಂತ್ರದ ಅಲಗಿನಿಂದ ಒಂದೇ ಸಲಕ್ಕೆ ಕತ್ತರಿಸುವಾಗ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಅರ್ಧ ಇಂಚಿನಷ್ಟು ಹೆಚ್ಚುಕಡಿಮೆಯನ್ನು ತಪಾಸಣೆಯವರು ಮಾಫಿ ಮಾಡುತ್ತಾರೆ. ಒಂದೇ ಹೆಸರಿನ ಪ್ಯಾಂಟನ್ನು ಬೇರೆ ಬೇರೆ ಊರಿನ ಕಾರ್ಖಾನೆಗಳು ಹೊಲಿದರೆ ಆ ಹೆಚ್ಚುಕಡಿಮೆಗಳೂ ಬೇರೆ ಬೇರೆ.

ಅಂದು ನಾನು ಅಳೆದ ಮೂರರಲ್ಲಿ ಒಂದರ ಚೀಟಿಯ ಮೇಲೆ ಬೆಂಗಳೂರಿನ ವಿಳಾಸವಿತ್ತು. ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಬೆಳಗಾದರೆ ಗುಂಪುಗುಂಪಾಗಿ ಗಾರ್ಮೆಂಟ್ಸಿಗೆ ನಡೆದುಹೋಗುವ ಹೆಂಗಸರನ್ನು ನೋಡಿದವರಿಗೆ ಗೊತ್ತು, ಅವರಲ್ಲಿ ಹೆಚ್ಚಿನವರ ಮೈಕಟ್ಟು ನನ್ನದರಂತೆಯೇ ಇರುತ್ತದೆ. ನನ್ನ ಭಾಷೆಯನ್ನೇ ಆಡುವ, ನನ್ನಂಥದೇ ಸೊಂಟವಿರುವ ಯಾರೋ ಒಬ್ಬಳು ಆ ಪ್ಯಾಂಟಿನ ಪಕ್ಕದ ಹೊಲಿಗೆ ಹಾಕಿರಬಹುದು. ಅದು ಅವಳಿಗೂ ಆಗುತ್ತಿರಲಿಲ್ಲ.

ಅಳತೆಗಳ ಈ ಗೋಜಲು ನಮ್ಮ ದೇಶದಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಕೃಷಿ ಇಲಾಖೆ 1939 ಮತ್ತು 1940ರಲ್ಲಿ ಸುಮಾರು 15,000 ಹೆಂಗಸರ ಮೈ ಅಳೆದು, 1941ರಲ್ಲಿ ಅದರ ವರದಿಯನ್ನು ಪ್ರಕಟಿಸಿತು. ಆದರೆ ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರ ಅಳತೆಗಳನ್ನು ಮಾತ್ರ. ಆ ಅಂಕಿಗಳನ್ನು ಆಧರಿಸಿ 1958ರಲ್ಲಿ ಅಲ್ಲಿನ ಸರ್ಕಾರ ಒಂದು ಮಾನದಂಡವನ್ನು ಹೊರಡಿಸಿ, 1983ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅಲ್ಲಿಂದೀಚೆಗೆ ಪ್ರತಿ ಕಂಪನಿಗೂ ತನ್ನದೇ ಅಂಕೆ; ಗಿರಾಕಿಗೆ ತಾನು ತೆಳ್ಳಗಿದ್ದೇನೆಂಬ ಸಮಾಧಾನ ಸಿಗಲೆಂದು ದೊಡ್ಡ ಬಟ್ಟೆಗೆ ಚಿಕ್ಕ ಅಂಕೆ ಬರೆಯುವ ಪದ್ಧತಿಯೂ ಬಂತು. ನಮ್ಮಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, 'ಇಂಡಿಯಾ ಸೈಜ್' ಎಂಬ ಯೋಜನೆಯನ್ನು ಕೈಗೆತ್ತಿಕೊಂಡು, ಮುಂಬೈ, ಬೆಂಗಳೂರು ಸೇರಿದಂತೆ ಆರು ನಗರಗಳಲ್ಲಿ 15ರಿಂದ 65 ವರ್ಷದ 25,000ಕ್ಕೂ ಹೆಚ್ಚು ಜನರ ಮೈಯನ್ನು ಸ್ಕ್ಯಾನರಿನಿಂದ ಅಳೆಯುವ ಗುರಿ ಇಟ್ಟುಕೊಂಡಿತು. ನಮ್ಮದೇ ಅಳತೆ ಪಟ್ಟಿ ಬಂದರೆ ಒಳ್ಳೆಯದೇ. ಆದರೆ ಪಟ್ಟಿ ಇದ್ದ ಮಾತ್ರಕ್ಕೆ ಅಂಗಡಿಯವನು ಮೂಲ ಕಟಿಂಗನ್ನು ಬದಲಾಯಿಸುತ್ತಾನೆಂದು ನಾನು ನಂಬುವುದಿಲ್ಲ. ಆತನಿಗೆ ತನ್ನ ಗೋಡೆಯ ಮೇಲಿನ ದೊಡ್ಡ ಚಿತ್ರದಲ್ಲಿ ನಗುತ್ತಿರುವ ಹುಡುಗಿಯೇ ಗಿರಾಕಿ.

ಅಳತೆಯ ಮಾತು ಹೀಗಾದರೆ, ಶೈಲಿಯದು ಇನ್ನೊಂದು ಕಥೆ. ನನ್ನ ನೇರ ಪ್ಯಾಂಟು ನಿಂತುಹೋದ ಹೊತ್ತಿನಲ್ಲಿ ಆ ಅಂಗಡಿಯ ತುಂಬ ಕಾಲಿಗೆ ಅಂಟಿದ ಪೆನ್ಸಿಲ್ ಪ್ಯಾಂಟುಗಳೇ ಇದ್ದವು. ಅವುಗಳನ್ನು ಹಾಕಿಕೊಳ್ಳಲು ಗೋಡೆ ಹಿಡಿಯಬೇಕು, ಬಿಚ್ಚಲು ಮಂಚದ ಮೇಲೆ ಕೂರಬೇಕು. ಕೆಲವು ವರ್ಷ ಹಾಗೆ ಕಳೆದ ಮೇಲೆ ಲಂಗದಷ್ಟು ಅಗಲದ ಪ್ಯಾಂಟುಗಳ ಸರದಿ ಬಂತು. ಅವುಗಳ ಒಳಗಾಲಿನ ಉದ್ದ 32 ಇಂಚು, ನನ್ನದು 27. ಜುಲೈ ತಿಂಗಳಲ್ಲಿ ಒಂದು ಗಂಟೆ ಜೋರು ಮಳೆ ಬಂದರೆ ಹಿಂದ್‌ಮಾತಾ ಚೌಕದಲ್ಲಿ ನೀರು ಮೊಣಕಾಲಿಗೆ ಬರುವ ಈ ಊರಿನಲ್ಲಿ, ನೆಲ ಗುಡಿಸುವ ಪ್ಯಾಂಟನ್ನು ಯಾರಿಗಾಗಿ ಹೊಲಿದಿದ್ದಾರೆ? ಒದ್ದೆಯಾದ ಅಂಚು ಪಾದಕ್ಕೆ ಸುತ್ತಿಕೊಂಡು, ದಾದರಿನ ಸೇತುವೆಯ ಮೆಟ್ಟಿಲಲ್ಲಿ ಹಿಂದಿನವರು ಅದನ್ನು ತುಳಿದು, ಮುಗ್ಗರಿಸಿದ ನನ್ನನ್ನು ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಮೊಣಕೈಯಿಂದ ತಡೆದು ನಿಲ್ಲಿಸಿದ ದಿನ, ಆ ಶೈಲಿಗೂ ನನಗೂ ಋಣ ತೀರಿತು.

ಮೇಲಂಗಿಗಳ ಸಾಲಿನಲ್ಲಿ ಪರಿಸ್ಥಿತಿ ಇನ್ನೂ ವಿಚಿತ್ರ. ಒಂದು ಕಡೆ ಹೊಕ್ಕುಳಿನ ಮೇಲೆಯೇ ಮುಗಿಯುವ ಗಿಡ್ಡ ಅಂಗಿಗಳು, ಇನ್ನೊಂದು ಕಡೆ 'ಓವರ್‌ಸೈಜ್' ಎಂಬ ಹೆಸರಿನಲ್ಲಿ ಭುಜದ ಹೊಲಿಗೆ ಮೊಣಕೈಯ ಹತ್ತಿರಕ್ಕೆ ಬರುವ ಚೀಲಗಳು. ಎರಡರ ನಡುವೆ ಮನುಷ್ಯರ ಭುಜಕ್ಕೆ ಹೊಂದುವ ಅಂಗಿ ಒಂದೂ ಇಲ್ಲ. ಚೀಲದಂಥ ಅಂಗಿಗೆ ಫ್ಯಾಷನ್ ಎನ್ನುತ್ತಾರೆ. ನನಗೆ ಅನ್ನಿಸುವುದು, ಭುಜವನ್ನು ಸರಿಯಾಗಿ ಕೂರಿಸುವ ಕಷ್ಟ ತಪ್ಪಿಸಿಕೊಳ್ಳಲು ಇದಕ್ಕಿಂತ ಸುಲಭದ ಉಪಾಯ ಇನ್ನೊಂದಿಲ್ಲ ಎಂದು. ಎದೆಯ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಇಂಗ್ಲಿಷ್ ವಾಕ್ಯಗಳು. 'ನನಗೆ ಕಾಫಿ ಕೊಡಿ, ಮಾತಾಡಿಸಬೇಡಿ' ಎಂಬ ಅರ್ಥದ ಅಂಗಿಯೊಂದನ್ನು ಹಾಕಿಕೊಂಡು ನಾನು ಲೆಕ್ಕಪರಿಶೋಧಕರ ಮುಂದೆ ಕುಳಿತುಕೊಳ್ಳುವುದನ್ನು ಊಹಿಸಿದಾಗ ನಗು ಬಂತಾದರೂ, ಸಾಲಿನುದ್ದಕ್ಕೂ ಹುಡುಕಿದರೂ ಏನನ್ನೂ ಬರೆಯದ ಅಂಗಿ ಸಿಕ್ಕಿದ್ದು ಎರಡು ಬಣ್ಣದಲ್ಲಿ ಮಾತ್ರ.

ಆ ಎರಡರಲ್ಲಿ ಒಂದನ್ನು, ಕಂದು ಬಣ್ಣದ್ದನ್ನು, ಕೊಂಡಿದ್ದೆ. ಎರಡು ಸಲ ಒಗೆದ ಮೇಲೆ ಅದರ ಎಡಬದಿಯ ಹೊಲಿಗೆ ನಿಧಾನವಾಗಿ ತಿರುಗುತ್ತಾ ಹೊಟ್ಟೆಯ ಮೇಲಕ್ಕೆ ಬಂದಿತು. ಹೆಣೆದ ಬಟ್ಟೆಯ ನೂಲಿನಲ್ಲಿ ಉಳಿದಿರುವ ಮುರಿ ಒದ್ದೆಯಾದಾಗ ಬಿಚ್ಚಿಕೊಳ್ಳಲು ನೋಡುವುದರಿಂದ ಹೀಗಾಗುತ್ತದಂತೆ. ಬಟ್ಟೆಯನ್ನು ಕತ್ತರಿಸುವ ಮೊದಲೇ ಸರಿಯಾಗಿ ಹದಗೊಳಿಸಿದರೆ ಇದು ಬಹಳಷ್ಟು ಕಡಿಮೆಯಾಗುತ್ತದೆ. ಹದಗೊಳಿಸಲು ಸಮಯ ಬೇಕು, ಸಮಯಕ್ಕೆ ದುಡ್ಡು ಬೇಕು. ಹಳೆಯ ಪ್ಯಾಂಟಿನ ದಪ್ಪ ಹತ್ತಿಯ ಜಾಗಕ್ಕೆ ಈಗ ಅರ್ಧಕ್ಕರ್ಧ ಪಾಲಿಯೆಸ್ಟರ್ ಸೇರಿದ ಬಟ್ಟೆ ಬಂದಿರುವುದಕ್ಕೂ ಇಂಥದೇ ಲೆಕ್ಕವಿರಬೇಕು. ಮೇ ತಿಂಗಳ ಮುಂಬೈಯಲ್ಲಿ, ಗಾಳಿಯೇ ಒದ್ದೆ ಬಟ್ಟೆಯಂತೆ ಮೈಗೆ ಅಂಟಿಕೊಂಡಿರುವಾಗ, ಅದನ್ನು ಹಾಕಿಕೊಂಡು ಕಿಕ್ಕಿರಿದ ಲೋಕಲ್ಲಿನಲ್ಲಿ 50 ನಿಮಿಷ ನಿಂತವರಿಗೆ ಆ ಲೆಕ್ಕದ ಬೆಲೆ ತಿಳಿಯುತ್ತದೆ.

ಕಿಸೆಯ ಬಗ್ಗೆ ಹೇಳದಿದ್ದರೆ ನನ್ನ ಸಹೋದ್ಯೋಗಿಗಳು ನನ್ನನ್ನು ಕ್ಷಮಿಸುವುದಿಲ್ಲ. ಹೊಸ ಪ್ಯಾಂಟುಗಳ ಮುಂದಿನ ಕಿಸೆಯಲ್ಲಿ ಬೆರಳುಗಳ ಎರಡನೆಯ ಗೆಣ್ಣಿನವರೆಗೆ ಮಾತ್ರ ಕೈ ಹೋಗುತ್ತದೆ. ಇನ್ನು ಕೆಲವು ಕಿಸೆಗಳೇ ಅಲ್ಲ, ಬರೀ ಪಟ್ಟಿ ಹೊಲಿದು ಕಿಸೆಯಂತೆ ತೋರಿಸಿರುತ್ತಾರೆ. ಅದೇ ಅಂಗಡಿಯ ಅದೇ ಬೆಲೆಯ ಗಂಡಸರ ಪ್ಯಾಂಟಿನ ಕಿಸೆಗೆ ನಾನು ಕೈ ಹಾಕಿ ನೋಡಿದೆ. ಮಣಿಕಟ್ಟು ದಾಟಿ ಒಳಗೆ ಹೋಯಿತು. ಗಂಡಸರ ವಿಭಾಗದ ಹುಡುಗ ಅನುಮಾನದಿಂದ ನೋಡಿದ್ದರಿಂದ ಟೇಪು ತೆಗೆಯಲಿಲ್ಲ.

ಕಚೇರಿಗೆ ಹೋಗುವ ದಾರಿಯಲ್ಲಿ ಮಾಲುಗಳ ಗಾಜಿನ ಗೋಡೆಗಳ ಹಿಂದೆ ಅಲ್ಲಲ್ಲಿ ಉಳಿದಿರುವ ಮಿಲ್ಲುಗಳ ಚಿಮಣಿ ಕಾಣುತ್ತದೆ. 1854ರಲ್ಲಿ ಕಾವಸ್‌ಜಿ ನಾನಾಭಾಯಿ ದಾವರ್ ತಾರದೇವಿನಲ್ಲಿ ಆರಂಭಿಸಿದ ಹತ್ತಿ ಗಿರಣಿಯಿಂದ ಬೆಳೆದ ಈ ಗಿರಣಗಾಂವ್, ಅಂದರೆ ಮಿಲ್ಲುಗಳ ಊರು, 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಮುಷ್ಕರದ ನಂತರ ಮತ್ತೆ ಮೊದಲಿನಂತಾಗಲಿಲ್ಲ. ನನ್ನ ಅಪ್ಪ ಕುಂದಾಪುರದಿಂದ ಬಂದು ಅಂಥ ಒಂದು ಮಿಲ್ಲಿನ ಕ್ಯಾಂಟೀನಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದವರು. ದೀಪಾವಳಿಯ ಹೊತ್ತಿಗೆ ಮಿಲ್ಲಿನಿಂದ ತೂಕದ ಲೆಕ್ಕದಲ್ಲಿ ತುಂಡುಬಟ್ಟೆ ತರುತ್ತಿದ್ದರು. ಒಂದೇ ಪಟ್ಟೆಯ ಬಟ್ಟೆಯಲ್ಲಿ ಅಣ್ಣನಿಗೆ ಅಂಗಿ, ನನಗೆ ಫ್ರಾಕು, ಉಳಿದದ್ದರಲ್ಲಿ ದಿಂಬಿನ ಚೀಲ. ಬಟ್ಟೆ ಒಂದೇ ಆದರೂ ಅಳತೆ ಅವರವರದು, ಏಕೆಂದರೆ ಅದನ್ನು ಹೊಲಿಯುವವನು ನಮ್ಮಿಬ್ಬರನ್ನೂ ಸಾಲಾಗಿ ನಿಲ್ಲಿಸಿ ಅಳೆಯುತ್ತಿದ್ದ. ಈಗ ಅದೇ ನೆಲದ ಮೇಲೆ ನಿಂತ ಅಂಗಡಿಯಲ್ಲಿ ನೂರು ಬಗೆಯ ಬಟ್ಟೆ ಇದ್ದರೂ ಅಳತೆ ಒಬ್ಬಳದೇ. ಹಾಗೆಂದು ಆ ಕಾಲವನ್ನು ಹಾಡಿ ಹೊಗಳಲು ನನಗೆ ಬಾಯಿ ಬರುವುದಿಲ್ಲ. ದೀಪಾವಳಿಗೆಂದು ಕೊಟ್ಟ ಫ್ರಾಕು ತುಳಸಿ ಪೂಜೆಗೆ ಬಂದದ್ದೂ ಇದೆ. ಬುಧವಾರ ಎಂದರೆ ಯಾವ ಬುಧವಾರ ಎಂದು ದರ್ಜಿಯನ್ನು ಕೇಳಿಕೊಳ್ಳಬೇಕಾಗಿತ್ತು. ನಾವೆಲ್ಲ ಸಿದ್ಧ ಉಡುಪಿನ ಕಡೆಗೆ ಓಡಿದ್ದು ಸುಮ್ಮನೆ ಅಲ್ಲ.

ದೂರು ಕೊಡುವ ಪ್ರಯತ್ನವನ್ನೂ ಮಾಡಿದೆ. ಬಿಲ್ಲಿನ ಜೊತೆಗೆ ಮೊಬೈಲಿಗೆ ಬಂದ ಸಂದೇಶದಲ್ಲಿ ಐದು ಮುಖಗಳಿದ್ದವು, ಅಳುವ ಮುಖದಿಂದ ನಗುವ ಮುಖದವರೆಗೆ. ಅಳುವ ಮುಖ ಒತ್ತಿದಾಗ, ನಮ್ಮೊಂದಿಗೆ ಖರೀದಿಸಿದ್ದಕ್ಕೆ ಧನ್ಯವಾದ ಎಂಬ ಉತ್ತರ ಬಂತು. ಮಳಿಗೆಯ ಮೇಲ್ವಿಚಾರಕರಿಗೆ ಮೂರು ಅಳತೆಗಳನ್ನು ತೋರಿಸಿದೆ. ಅವರು ಸೌಜನ್ಯದಿಂದ ನೋಡಿ, ಇದು ಮೇಲಿನಿಂದ ಬರುತ್ತದೆ ಎಂದರು. ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳದು ಇನ್ನೂ ನೇರ ಮಾತು: "ಅಮ್ಮ, ನೀನು ಅವರ ಗಿರಾಕಿಯೇ ಅಲ್ಲ. ಅವರಿಗೆ ನಾನು ಬೇಕು." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ತನ್ನ ಜೀನ್ಸಿನ ಬೆಲ್ಟಿನ ಪಟ್ಟಿಯನ್ನು ಹಿಂದಿನಿಂದ ಎಳೆದು ತೋರಿಸಿದಳು. ಅಲ್ಲಿಯೂ ಒಂದು ಮುಷ್ಟಿ ಜಾಗ. 20 ವರ್ಷದ ಅವಳಿಗೂ ನನ್ನದೇ ಸೊಂಟ, ನನ್ನ ಅಮ್ಮನದೇ ತೊಡೆ.

ಕೊನೆಗೆ ನಾನು 1,799 ರೂಪಾಯಿ ಕೊಟ್ಟು ಮೂರರಲ್ಲಿ ಎರಡನೆಯದನ್ನು, ತೊಡೆ ಬಿಗಿಯಾಗಿ ಸೊಂಟ ಸಡಿಲವಾಗಿದ್ದ ಆ ಅಗಲ ಕಾಲಿನ ಪ್ಯಾಂಟನ್ನು ಕೊಂಡು, ಡೊಂಬಿವಲಿ ಪೂರ್ವದಲ್ಲಿ ನಮ್ಮ ಬೀದಿಯ ತುದಿಗಿರುವ ದರ್ಜಿ ಮಾಸ್ಟರ ಬಳಿಗೆ ಒಯ್ದೆ. ಅವರು ಕಾರ್ಕಳದ ಕಡೆಯವರು. ಒಂದು ಮೇಜು, ಒಂದು ಹೊಲಿಗೆ ಯಂತ್ರ, ಬಟ್ಟೆಯ ಅಂಚು ಹೆಣೆಯುವ ಒಂದು ಇಂಟರ್‌ಲಾಕ್ ಯಂತ್ರ ಹಿಡಿಯುವಷ್ಟೇ ಜಾಗದ ಅಂಗಡಿ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ತೊಡೆಯ ಹೊಲಿಗೆಯನ್ನು ಹೆಬ್ಬೆರಳಿನಿಂದ ನೀವಿ ನೋಡಿ, "ಅಕ್ಕ, ಇದರಲ್ಲಿ ಬಿಡ್ಲಿಕ್ಕೆ ಬಟ್ಟೆಯೇ ಇಲ್ಲ ಮಾರಾಯ್ರೆ" ಎಂದರು. ಹೊಲಿಗೆಯ ಆಚೆಗೆ ಉಳಿದಿದ್ದದ್ದು ಬೆರಳಿನ ಉಗುರಿನಷ್ಟು ಅಗಲದ ಅಂಚು, ಅದನ್ನೂ ಇಂಟರ್‌ಲಾಕ್ ನುಂಗಿತ್ತು. ಮಾಸ್ಟರು ಹೊಲಿಯುವ ಬಟ್ಟೆಯಲ್ಲಿ ಪಕ್ಕಕ್ಕೆ ಒಂದು ಇಂಚು ಮಾರ್ಜಿನ್ ಬಿಡುತ್ತಾರೆ. ಮೈ ಬಂದರೆ ಬಿಚ್ಚಿಕೊಳ್ಳಬಹುದು. ಸಾವಿರಗಟ್ಟಲೆ ಕತ್ತರಿಸುವವನಿಗೆ ಆ ಒಂದು ಇಂಚು ಎಷ್ಟೋ ಸುರುಳಿ ಬಟ್ಟೆಯ ಉಳಿತಾಯ.

ಆದರೆ ಅವರು ಪ್ಯಾಂಟನ್ನು ವಾಪಸು ಕೊಡಲಿಲ್ಲ. ನನ್ನ ಉದ್ದಕ್ಕೆ ಗುರುತು ಹಾಕಿ, ಕಾಲಿನ ಬುಡದಿಂದ ಐದು ಇಂಚಿನ ಎರಡು ಬಳೆಗಳನ್ನು ಕತ್ತರಿಸಿ ತೆಗೆದು, ಮೇಜಿನ ಮೇಲೆ ಹರಡಿ, ಆ ತುಂಡುಗಳಿಂದಲೇ ಅಂಗೈಯಗಲದ ಚೌಕವೊಂದನ್ನು ಸೀಮೆಸುಣ್ಣದಲ್ಲಿ ಬರೆದರು. ಸಲ್ವಾರಿನ ಕಾಲುಗಳು ಕೂಡುವಲ್ಲಿ ಇಡುವ ಈ ತುಂಡಿಗೆ ಇಲ್ಲಿನ ದರ್ಜಿಗಳು ಮಿಯಾನಿ ಎನ್ನುತ್ತಾರೆ. ಪ್ಯಾಂಟಿಗೆ ಇಡುವುದನ್ನು ನಾನು ನೋಡಿದ್ದು ಅದೇ ಮೊದಲು. ತೊಡೆಸಂದಿಯ ಹೊಲಿಗೆಯನ್ನು ಎರಡೂ ಕಡೆ ನಾಲ್ಕು ಇಂಚು ಬಿಚ್ಚಿ, ಚೌಕದ ಮೂಲೆಗಳು ಹೊಲಿಗೆಯ ತುದಿಗಳಿಗೆ ಬರುವಂತೆ ಕೂರಿಸಿ, ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿದರು. ಹಿಂದಿನ ಪಟ್ಟಿಯ ನಡುವಿನ ಲೂಪನ್ನು ಬಿಡಿಸಿ, ಮುಷ್ಟಿಯಷ್ಟು ಜಾಗವನ್ನು ಒಳಗೆ ತೆಗೆದುಕೊಂಡು, ಲೂಪನ್ನು ಆ ಹೊಲಿಗೆಯ ಮೇಲೆಯೇ ಮತ್ತೆ ಕೂರಿಸಿದರು. 250 ರೂಪಾಯಿ. ಮರುದಿನ ಆ ಪ್ಯಾಂಟಿನಲ್ಲಿ ಬೆಳಿಗ್ಗೆ 8:12ರ ಲೋಕಲ್ ಹತ್ತಿ, ಠಾಣೆಯ ನಂತರ ಮೂವರ ಬೆಂಚಿನಲ್ಲಿ ಸಿಕ್ಕಿದ ನಾಲ್ಕನೆಯ ಸೀಟಿನಲ್ಲಿ ಅರ್ಧ ಕುಳಿತು ಅರ್ಧ ಆತುಕೊಂಡು ಪರೇಲಿನವರೆಗೆ ಹೋದೆ. ಹಿಂದೆ ಕೈ ಹಾಕಿ ಕುರ್ತಿ ಎಳೆದುಕೊಳ್ಳಬೇಕಾಗಿ ಬರಲಿಲ್ಲ. ಕಿಸೆ ಮಾತ್ರ ಎರಡು ಗೆಣ್ಣಿನದೇ.

ಅದಕ್ಕಾಗಿ ಮೊನ್ನೆ ಶನಿವಾರ ಅರ್ಧ ದಿನ ರಜೆ ಹಾಕಿ ಹಿಂದ್‌ಮಾತಾದ ಬಟ್ಟೆ ಅಂಗಡಿಗಳ ಸಾಲಿಗೆ ಹೋಗಿ ದಪ್ಪ ಹತ್ತಿಯ ನೀಲಿ ಬಟ್ಟೆ ಆರಿಸಿದೆ. ಅಂಗಡಿಯವರು ಮೀಟರ್ ಕೋಲಿನಲ್ಲಿ ಅಳೆದು, ಕೊನೆಯಲ್ಲಿ ನಾಲ್ಕು ಬೆರಳು ಹೆಚ್ಚು ಬಿಟ್ಟು ಹರಿದುಕೊಟ್ಟರು. ಸಂಜೆ ಅದನ್ನೂ, ಕಪಾಟಿನ ಜಾಳು ಪ್ಯಾಂಟನ್ನೂ ಮಾಸ್ಟರ ಮೇಜಿನ ಮೇಲೆ ಇಟ್ಟೆ. ಅವರು ಹಳೆಯ ಪ್ಯಾಂಟನ್ನು ಬದಿಗೆ ಸರಿಸಿ, "ಅದು ಯಾಕೆ, ನೀವೇ ಇದ್ದೀರಲ್ಲ" ಎಂದು ನನ್ನನ್ನೇ ಅಳೆದರು. ಸೊಂಟ, ಪೃಷ್ಠ, ತೊಡೆ, ಮೊಣಕಾಲು, ಕುಳಿತಾಗಿನ ಎತ್ತರಕ್ಕೆಂದು ಸ್ಟೂಲಿನ ಮೇಲೆ ಕೂರಿಸಿ ಇನ್ನೊಮ್ಮೆ. ಅಂಕೆಗಳನ್ನು ಹಳೆಯ ಡೈರಿಯೊಂದರಲ್ಲಿ ಬರೆದುಕೊಂಡರು. ಆಮೇಲೆ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಕಿಸೆ ಎಷ್ಟು ಆಳ ಬೇಕು?" ಎಂದು ಕೇಳಿದರು. ನಾನು ಉತ್ತರ ಹೇಳಲು ತಡವರಿಸಿದ್ದನ್ನು ಕಂಡು, ನನ್ನ ಮೊಬೈಲನ್ನು ಬಟ್ಟೆಯ ಮೇಲೆ ಇಡಿಸಿ, ಅದರ ಪಕ್ಕದಲ್ಲಿ ನನ್ನ ಕೈಯನ್ನೂ ಚಾಚಿಸಿ, ಮಣಿಕಟ್ಟಿನ ಕೆಳಗೆ ಎರಡು ಬೆರಳು ಬಿಟ್ಟು ಗೆರೆ ಎಳೆದರು.

ಬುಧವಾರ ಬನ್ನಿ ಎಂದಿದ್ದರು. ನಿನ್ನೆ ಬುಧವಾರ, ಕಚೇರಿಯಿಂದ ನೇರ ಅಲ್ಲಿಗೇ ಹೋದೆ. ನನ್ನ ನೀಲಿ ಬಟ್ಟೆ ಶನಿವಾರ ಇಟ್ಟಲ್ಲೇ, ಮಡಿಕೆ ಬಿಚ್ಚದೆ, ಅದೇ ಮೇಜಿನ ಮೂಲೆಯಲ್ಲಿತ್ತು.